ಪೋಲಿಯೊ ಡಬ್ಬಿಯೊಳಗಿನ ಮೇಕೆ

ಮೇಕೆಯ ಅಂಡಾಶಯದಲ್ಲಿ ಹೊಸ ರಕ್ತನಾಳಗಳು ಹೇಗೆ ಚಿಗುರುತ್ತವೆ ಎಂದು ನೋಡುವುದು ಆಗ ನನ್ನ ಕೆಲಸ. ನರಸೀಪುರದ ಮಟನ್ ಅಂಗಡಿಯಲ್ಲಿ ಅಂಡಾಶಯ ತಗೊಂಡು, ಪೋಲಿಯೊ ಲಸಿಕೆಯವರ ಹಳೇ ಐಸ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ಬೇಗ ಲ್ಯಾಬ್ ಸೇರದಿದ್ದರೆ ಎಲ್ಲ ಹಾಳು.

ಕೂಸು ಎತ್ತಿಕೊಂಡಿದ್ದ ಅಜ್ಜಿಯೊಬ್ಬಳು ಡಬ್ಬಿ ಹಿಡಿದಳು. "ಎಲ್ಡು ಹನಿ ಆಕ್ಬುಟ್ಟು ಓಗಪ್ಪ."

"ಇದರಲ್ಲಿ ಪೋಲಿಯೊ ಇಲ್ಲಜ್ಜಿ."

"ನಮ್ ಕೇರಿಗಂತೂ ಬರಾಕಿಲ್ಲ. ಇಲ್ಲೂ ಆಕಲ್ವಾ?"

ಜನ ಸುತ್ತುಗಟ್ಟಿದರು. ಬಸ್ಸು ಬಂತು. ಒಬ್ಬ ನನ್ನ ಕಾಲರ್ ಹಿಡಿದ. ಬೇರೆ ದಾರಿ ಕಾಣದೆ ಮುಚ್ಚಳ ತೆಗೆದು, "ಮೇಕೆ ಗರ್ಭದ್ದು" ಎಂದೆ.

ಅಜ್ಜಿ ಇಣುಕಿ ನೋಡಿದಳು. "ಬುಡ್ರಲಾ ಅವನ್ನ. ಮ್ಯಾಕೆ ಗರ್ಭಕ್ಕೆ ಐಸಂತೆ, ನಮ್ ಕೂಸ್ಗೆ ಎಲ್ಡು ಹನಿಗೂ ಗತಿಯಿಲ್ವಂತೆ!"

ಆಮೇಲೆ ಡಬ್ಬಿಯ ಮೇಲೆ 'ಮೇಕೆ ಮಾಂಸ' ಎಂದು ದಪ್ಪಕ್ಷರದಲ್ಲಿ ಬರೆದೆ. ಸೋಮವಾರ ದೇವರ ದರ್ಶನಕ್ಕೆ ಹೊರಟವರೇ ತುಂಬಿದ್ದ ನಂಜನಗೂಡು ಬಸ್ಸಿನ ಕಂಡಕ್ಟರು ಅದನ್ನು ಓದಿ ನನ್ನನ್ನೇ ಇಳಿಸಿದ.