ಮುಚ್ಚಳದ ಅಜ್ಜಿಯ ಮೆಟ್ಟಿಲು

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದಾಗ ಲಾರಿಯಲ್ಲಿ ಹಾಲಿನ ಪಾತ್ರೆಯ ಮುಚ್ಚಳ ಕಳೆದುಹೋಯಿತು. ಬ್ಯಾಂಕಿನವರ ಮನೆಗಳಲ್ಲಿ ಇದು ಹೊಸದಲ್ಲ; ಪ್ರತಿ ವರ್ಗಾವಣೆಗೂ ಒಂದಾದರೂ ಮುಚ್ಚಳ ಬಲಿ. “ಹಳೇ ಪೇಟೆ ಒನ್ ಟೌನಿನ ಭಾನುವಾರದ ಸಂತೆಗೆ ಹೋಗಿ, ಪಾತ್ರೆ ಜೊತೆಗೇ ಇರಲಿ,” ಎಂದರು ಪಕ್ಕದ ಮನೆಯವರು.

ವಾರವಿಡೀ ಸಗಟು ಬಟ್ಟೆ ವ್ಯಾಪಾರ ನಡೆಯುವ ಬೀದಿ ಅದು. ಭಾನುವಾರ ಅಂಗಡಿಗಳು ಮುಚ್ಚಿರುತ್ತಿದ್ದವು. ಅವುಗಳ ಮೆಟ್ಟಿಲ ಮೇಲೆ ಗೋಣಿ ಹಾಸಿ ಹಳೆಯ ಸಾಮಾನಿನವರು ಕೂರುತ್ತಿದ್ದರು. ರೆಕ್ಕೆ ಮುರಿದ ಫ್ಯಾನು, ಗಂಟೆ ಹೊಡೆಯದ ಗಡಿಯಾರ, ಯಾರದೋ ಮದುವೆಯ ಹೆಸರು ಕೊರೆದ ಬಿಂದಿಗೆ. ಈಗಿನ ಅಂಗಡಿಯವರ ಅಪ್ಪಂದಿರ ಕಾಲದಿಂದಲೂ ಹೀಗೇ. ಸಂಜೆ ಏಳುವಾಗ ಮೆಟ್ಟಿಲು ಗುಡಿಸಿ ತೊಳೆದು ಹೋಗಬೇಕು, ಬಾಡಿಗೆ ಅಂದರೆ ಅದೇ.

ಅಲ್ಲೊಬ್ಬ ಅಜ್ಜಿ ಬರೀ ಮುಚ್ಚಳ ಮಾರುತ್ತಿದ್ದಳು. ಹೆಂಗಸರು ಮನೆಯಿಂದ ಪಾತ್ರೆ ತಂದು, ಸುತ್ತ ಕೂತು, ಒಂದೊಂದನ್ನೇ ಇಟ್ಟು ನೋಡುವುದು. ನನ್ನ ಪಾತ್ರೆಗೆ ಯಾವುದೂ ಕೂರಲಿಲ್ಲ.

“ಬಲವಂತಕ್ಕೆ ಸಂಬಂಧ ಮಾಡಬಾರದಮ್ಮಾ. ಬರೋ ವಾರ ಬಾ, ವರ ಸಿಗ್ತಾನೆ,” ಎಂದು ಅಜ್ಜಿ ತೆಲುಗಿನಲ್ಲಿ ನಕ್ಕಳು.

ಮುಂದಿನ ಭಾನುವಾರ ಯಜಮಾನರನ್ನೂ ಕರೆದುಕೊಂಡು ಹೋದರೆ, ಅಜ್ಜಿ ಗೋಣಿಯನ್ನು ಎದೆಗವುಚಿಕೊಂಡು ನಿಂತಿದ್ದಾಳೆ. ಅಂಗಡಿಯವನು ಮೆಟ್ಟಿಲಿಗೆಲ್ಲ ಲಾರಿ ಎಂಜಿನ್ನಿನ ಕರೀ ಆಯಿಲ್ ಸುರಿಸಿ, ಮಹಡಿಯಿಂದ ಬಗ್ಗಿ ನೋಡುತ್ತಿದ್ದ.

“ಏಮಯ್ಯಾ, ನಿಮ್ಮಪ್ಪ ಇದ್ದಾಗಿಂದ ಈ ಮೆಟ್ಟಿಲು ತೊಳೆದ ಕೈ ಇದು!” ಅಜ್ಜಿ ಕೂಗಿದಳು.

“ಹಾಗಾದ್ರೆ ಇವತ್ತೂ ತೊಳಿ!”

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ತೋಳು ಹಿಡಿದೆಳೆದರು. “ಸುಮ್ನಿರೇ, ನಮ್ಮ ಬ್ರಾಂಚಿನ ದೊಡ್ಡ ಪಾರ್ಟಿ ಅವ್ರು.”

“ದೊಡ್ಡವರಾದ್ರೆ ಆಯಿಲ್ ಸುರೀಬೇಕೇನ್ರೀ?”

“ಮನೆಗೆ ನಡಿ.”

ಅಜ್ಜಿ ಬಿಸಿಲಿನಲ್ಲಿ, ರಸ್ತೆಯಂಚಿನಲ್ಲಿ ಗೋಣಿ ಹಾಸಿದಳು. ಮೈಮೇಲೆ ಬರುವ ರಿಕ್ಷಾಗಳ ನಡುವೆ ಪಾತ್ರೆ ಹಿಡಿದು ಯಾರು ಕೂರುತ್ತಾರೆ? ಕೆಲವು ವಾರ ಕಂಡಳು, ಆಮೇಲೆ ಕಾಣಲಿಲ್ಲ. ಆ ಮೆಟ್ಟಿಲ ಮೇಲೆ ಭಾನುವಾರ ನಾಯಿಯೂ ಮಲಗಲಿಲ್ಲ. ಆ ಖಾಲಿ ಮೆಟ್ಟಿಲು ಇಟ್ಟುಕೊಂಡು ಏನು ಮಾಡಿದ ಪುಣ್ಯಾತ್ಮ? ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ದೀಪಾವಳಿಗೆ ಅದೇ ಮನುಷ್ಯ ಸಿಹಿಯ ಡಬ್ಬ ಹಿಡಿದು ನಮ್ಮ ಮನೆಗೆ ಬಂದ. ಯಜಮಾನರು ಹಲ್ಲು ಕಿರಿಯುತ್ತ ಒಳಗೆ ಕೂಗಿದರು, “ಕಾಫಿ ತಾರೇ.”

ನಾನು ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತೆ. ಅವನಿಗೆ ತಿಳಿಯಲೆಂದು ತೆಲುಗಿನಲ್ಲೇ ಹೇಳಿದೆ: “ಹಾಲಿಗೆ ಹಲ್ಲಿ ಬಿದ್ದಿದೆ. ಪಾತ್ರೆಗೆ ಮುಚ್ಚಳ ಇಲ್ಲ. ನಿಮ್ಮ ಮೆಟ್ಟಿಲ ಮೇಲೆ ಸಿಗ್ತಿತ್ತು.”

ಹಲ್ಲಿಯೂ ಇಲ್ಲ, ಏನೂ ಇಲ್ಲ. ಅವನು ಹೋದ ಮೇಲೆ ಅದೇ ಹಾಲಿನಲ್ಲಿ ಕಾಫಿ ಮಾಡಿಕೊಂಡು ಕುಡಿದೆ. ಯಜಮಾನರಿಗೂ ಕೊಡಲಿಲ್ಲ.