ಅರ್ಧ ಆಯುಷ್ಯದ ಸೌದಾ

ನನ್ನ ಗಂಡ ಸತ್ತ ಸುದ್ದಿ ನನಗೆ ಮುಟ್ಟಿದ್ದು ನಮ್ಮ ಮದುವೆಗೂ ಮೊದಲು. ಆಗ ನಾನು ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಹೀಗೆಂದು ಹೇಳಿದರೆ ಕೇಳಿದವರು ಮೊದಲು ಬೆಚ್ಚುತ್ತಾರೆ. ಆಮೇಲೆ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬರುವ ಇವರನ್ನು ನೋಡಿ ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅನುಮಾನಪಡುತ್ತಾರೆ. ನನ್ನ ತಲೆ ನೆಟ್ಟಗೇ ಇದೆ. ಆ ಕಾಲದಲ್ಲಿ ಯಾರ ತಲೆಯಾದರೂ ಕೆಟ್ಟಿದ್ದರೆ ಅದು ಇವರದ್ದು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಅಪ್ಪನದು ಮನೆಗೆ ಹೊಂದಿಕೊಂಡೇ ಇದ್ದ ಕಿರಾಣಿ ಅಂಗಡಿ. ಬೆಲ್ಲ, ಬೇಳೆ, ಎಣ್ಣೆ ತೂಗಿ ತೂಗಿ ಅವನಿಗೆ ಮನುಷ್ಯರನ್ನೂ ತೂಗುವ ಚಾಳಿ ಬಿದ್ದಿತ್ತು. ಮುಡಬಿಯ ನನ್ನ ಸೋದರಮಾವ ಬಸವಕಲ್ಯಾಣದ ಒಂದು ಸಂಬಂಧ ತಂದ. ಹುಡುಗ ಲಗ್ನದ ವಿಡಿಯೋ ಶೂಟಿಂಗ್ ಮಾಡುತ್ತಾನೆ, ಸ್ವಂತ ಸ್ಟುಡಿಯೋ ಇದೆ, ಚಟ ಇಲ್ಲ ಎಂದು ಹೊಗಳಿದ. ಅಪ್ಪ ಅರ್ಧ ಮನಸ್ಸಿನಿಂದಲೇ ನೋಡಲು ಬರಹೇಳಿದ.

ಬಂದರು. ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದರು. ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಪ್ಪ ಎಂದು ಹಿರಿಯರು ಹೇಳಿದಾಗ ಇವರು ಗಂಟಲು ಸರಿಪಡಿಸಿಕೊಂಡು, "ಜರಾ ಕಿಟಕಿ ಕಡಿ ಮುಖ ಮಾಡ್ತೀರೇನ್ರಿ? ಅಲ್ಲಿ ಬೆಳಕು ಛಲೋ ಅದ" ಅಂದರು. ನಾನು ಕಿಟಕಿಯ ಕಡೆ ತಿರುಗಿದೆ. ಅದಕ್ಕೂ ಮುಂಚೆ ನೋಡಲು ಬಂದವರೆಲ್ಲ ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿದ್ದರು. ನನ್ನ ಮುಖಕ್ಕೆ ಬೆಳಕು ಹುಡುಕಿದವರು ಇವರೊಬ್ಬರೇ. ನನಗೆ ಅವತ್ತೇ ಮನಸ್ಸಾಯಿತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಅವರು ಹೋದದ್ದೇ ತಡ, ಅಪ್ಪ ಶುರುಮಾಡಿದ. "ಹೆಣ್ಣು ನೋಡಾಕ ಬಂದಾನೋ, ಫೋಟೋ ಹೊಡಿಯಾಕ ಬಂದಾನೋ? ಲಗ್ನದ ಸೀಜನ್‌ದಾಗ ಮಂದಿ ಮನ್ಯಾಗ ಇರ್ತಾನ. ಸೀಜನ್ ಮುಗಿದ ಮ್ಯಾಲ ಖಾಲಿ ಕುಂಡ್ರತಾನ. ಇದೆಂಥಾ ಕಸಬು?" ಮುಂದಿನ ವಾರ ಸೋದರಮಾವ ಉತ್ತರ ಕೇಳಲು ಬರುವವನಿದ್ದ. ಅಪ್ಪ 'ಬ್ಯಾಡ' ಎನ್ನುತ್ತಾನೆಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ನಾನು ವಾರಪೂರ್ತಿ ಸಿಕ್ಕಿದ್ದಕ್ಕೆಲ್ಲ ಸಿಡಿಮಿಡಿ ಮಾಡಿದೆ. ನನ್ನ ಸಿಟ್ಟಿಗೆ ಕಾರಣ ಯಾರೂ ಕೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಸೋದರಮಾವ ಬಂದದ್ದು ನಡುಮಧ್ಯಾಹ್ನ. ಬಂದವನೇ ಕಟ್ಟೆಯ ಮೇಲೆ ಕುಸಿದು ಕೂತು ಟವೆಲ್ ಬಾಯಿಗೊತ್ತಿಕೊಂಡ.

"ಹುಡುಗ ಹ್ವಾದ್ರಿ ಭಾವ" ಅಂದ.

"ಯಾವ ಹುಡುಗ? ಎಲ್ಲಿಗಿ ಹ್ವಾದ?" ಎಂದು ಅಪ್ಪ ಕೇಳಿದ.

"ನಮ್ಮ ಕಲ್ಯಾಣದ ಹುಡುಗ್ರಿ. ಕಣ್ಣಾರೆ ನೋಡಿ ಬಂದೀನಿ. ಊರ ಹೊರಗ ಮೆರವಣಿಗಿ ಹೊಂಟಿತ್ತು. ಡ್ರೈವರ್ ಬಸ್ ನಿಲ್ಲಿಸಿದ. ಕಿಟಕ್ಯಾಗಿಂದ ನೋಡಿದ್ರ ಅವನೇ. ಮೈತುಂಬ ವಿಭೂತಿ, ಕೊಳ್ಳಾಗ ಹಾರ, ಕುಂತಾನ... ಕುಂತಾನ್ರಿ ಭಾವ, ರಾಜಾನಂಗ!"

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ವಿಭೂತಿ ಬಳಿದು, ಹೂವಿನಿಂದ ಸಿಂಗರಿಸಿ, ಭಜನೆ ಮಾಡುತ್ತ ಮೆರವಣಿಗೆಯಲ್ಲೇ ಕಳಿಸುತ್ತೇವೆ. ಕೂತ ಹೆಣವನ್ನು ಕಂಡರೆ ನಮ್ಮವರಿಗೆ ಅನುಮಾನವೇ ಬರುವುದಿಲ್ಲ. ಭಜನೆಯವರೂ ಅಸಲಿಯವರೇ ಆಗಿದ್ದರಂತೆ.

ನನ್ನ ಕೈಯಲ್ಲಿದ್ದ ಮೊರ ಜಾರಿತು. ಬೇಳೆ ಪಡಸಾಲೆಯ ತುಂಬ ಚೆಲ್ಲಿತು. ಎಲ್ಲಿಂದ ಬಂತೋ ಆ ಅಳು! ಒಂದೇ ಸಲ ನೋಡಿದವನಿಗಾಗಿ, ಹೆಸರು ಹಿಡಿದು ಕೂಗುವ ಹಕ್ಕೂ ಇಲ್ಲದವನಿಗಾಗಿ, ಬೇಳೆಯ ಮೇಲೆ ಬೋರಲು ಬಿದ್ದು ಅತ್ತೆ. ಅವ್ವ ಓಡಿ ಬಂದು, "ಯಾಕಬೇ, ನಿನಗೇನಾತು? ಅವ ನಮಗೇನ್ ಆಗಬೇಕಿತ್ತು?" ಎಂದು ಗದರಿದಳು. ಬಾಗಿಲ ಹತ್ತಿರ ಕೂತಿದ್ದ ಆಯಿ, ಅಂದರೆ ಅಪ್ಪನ ತಾಯಿ, ತಣ್ಣಗೆ ಹೇಳಿದಳು: "ಸುಮ್ಮ ಬಿಡ. ಕೂಸಿಗಿ ಮನಸ್ಸಿತ್ತು."

ಅಪ್ಪ ನನ್ನನ್ನು ನೋಡಿದ, ಚೆಲ್ಲಿದ ಬೇಳೆ ನೋಡಿದ, ಮತ್ತೆ ನನ್ನನ್ನು ನೋಡಿದ. ಬೇಳೆಕಾಳು ನೆಲಕ್ಕೆ ಬಿದ್ದರೆ ಹಾರಾಡುತ್ತಿದ್ದ ಮನುಷ್ಯ ಅವತ್ತು ತಾನೇ ಮೊಣಕಾಲೂರಿ ಬೇಳೆ ಬಳಿದು ಮೊರಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಅಪ್ಪ ಮತ್ತು ಸೋದರಮಾವ ಒಂದು ಹಾರ ಕಟ್ಟಿಸಿಕೊಂಡು, ಮಣ್ಣಿಗೆ ಹೋಗಲಾಗದಿದ್ದರೂ ಮನೆಯವರಿಗೆ ಸಮಾಧಾನ ಹೇಳಿ ಬರೋಣವೆಂದು ಕಲ್ಯಾಣದ ಬಸ್ ಹತ್ತಿದರು. ನಾನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮಧ್ಯಾಹ್ನ ಅಪ್ಪನ ದನಿ ಓಣಿಯ ತುದಿಯಿಂದಲೇ ಕೇಳಿತು.

"ಹೆಣಾ ಚಾ ಕುಡಿಯಾಕತ್ತಿತ್ತು! ಕೇಳಿದ್ಯಾ? ಸ್ಟುಡಿಯೋ ಮುಂದ ಸ್ಟೂಲ್ ಹಾಕ್ಕೊಂಡು, ಕಾಲ ಮ್ಯಾಲ ಕಾಲ ಹಾಕ್ಕೊಂಡು, ಹೆಣಾ ಚಾ ಕುಡಿಯಾಕತ್ತಿತ್ತು!"

ನಾನು ಎದ್ದು ಕೂತೆ. ಅಪ್ಪ ಕಟ್ಟೆ ಹತ್ತುತ್ತಲೇ ಹೇಳಿ ಮುಗಿಸಿದ. ಇವರು ಗೆಳೆಯರನ್ನು ಕಟ್ಟಿಕೊಂಡು ಒಂದು ಸಣ್ಣ ಸಿನಿಮಾ ಮಾಡುತ್ತಿದ್ದರಂತೆ. ಅದರಲ್ಲಿ ಇವರೇ ಹೆಣ. ಕ್ಯಾಮೆರಾ ಹಿಡಿದಿದ್ದ ಗೆಳೆಯ, ಸಾಬರ ಹುಡುಗ, ಮೇಲಿನಿಂದ ತೆಗೆಯಬೇಕೆಂದು ಯಾರದ್ದೋ ಮಾಳಿಗೆ ಹತ್ತಿ ಕೂತಿದ್ದರಿಂದ ಸೋದರಮಾವನಿಗೆ ಕ್ಯಾಮೆರಾ ಕಾಣಲಿಲ್ಲ. ಹಾರ ಹಿಡಿದು ನಿಂತ ಅಪ್ಪನನ್ನು ಕಂಡು ಇವರು ಎದ್ದು ಬಂದು ಕಾಲಿಗೆ ಬಿದ್ದರಂತೆ. ಕಿವಿಯ ಹಿಂದೆ ಇನ್ನೂ ವಿಭೂತಿ ಇತ್ತಂತೆ.

ನಾನು ನಗತೊಡಗಿದೆ. ಅಳು ನಿಲ್ಲದೆಯೇ ನಗು ಬಂತು. ಖುಷಿ ಅಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಧ್ಯಾಹ್ನವೇ. ಎದ್ದು ಹೋಗಿ ತಂಗಳು ರೊಟ್ಟಿ, ಶೇಂಗಾ ಚಟ್ನಿ ಬಡಿಸಿಕೊಂಡು ಗಬಗಬ ತಿಂದೆ.

ಅಪ್ಪನ ಸಿಟ್ಟು ಇಳಿಯಲಿಲ್ಲ. ತಂದ ಹಾರವನ್ನು ಹಾಳುಮಾಡಬಾರದೆಂದು ಅಂಗಡಿಯ ಬಸವಣ್ಣನ ಪಟಕ್ಕೆ ಹಾಕಿ, ಅಲ್ಲಿಂದಲೇ ತೀರ್ಪು ಕೊಟ್ಟ. "ಲಗ್ನದ ಮಾತು ನಡದಾಗ ಹೆಣಾ ಆಗಿ ಕುಂತಾವಗ ನನ್ನ ಮಗಳನ್ನ ಕೊಡಂಗಿಲ್ಲ. ಅಪಶಕುನ ಅಂಬೂದು ಒಂದು ಅದನೋ ಇಲ್ಲೋ?"

"ಯಾವ ಅಪಶಕುನ?" ಎಂದಳು ಆಯಿ. "ಸತ್ತ ಸುದ್ದಿ ಸುಳ್ಳಾತಂದ್ರ ಆಯುಷ್ಯ ಹೆಚ್ಚಾಗ್ತದ. ಇಂಥಾ ಗಟ್ಟಿ ಅಳಿಯ ಎಲ್ಲಿ ಸಿಗ್ತಾನ ನಿನಗ?"

ಅಪ್ಪ ಪಟದ ಹಾರ ಸರಿಮಾಡತೊಡಗಿದ. ನಾನು ಅದೇ ಸಂದು ನೋಡಿ ಬಾಯಿ ಬಿಟ್ಟೆ. "ಅಪ್ಪಾ, ಸಿನಿಮಾ ಒಮ್ಮೆ ನೋಡು. ಆಮ್ಯಾಗ ಬ್ಯಾಡ ಅನ್ನು. ನಾ ತಕರಾರ ಮಾಡಂಗಿಲ್ಲ." ಅಪ್ಪನ ಮುಂದೆ ನನ್ನ ಮದುವೆಯ ಬಗ್ಗೆ ನಾನು ಆಡಿದ ಮೊದಲ ಮಾತದು. ಅವನು ಖಾಲಿ ತಕ್ಕಡಿಯ ಮುಳ್ಳನ್ನು ನೆಟ್ಟಗೆ ಮಾಡಿದ. "ಆಯ್ತು. ಸಾಯುವಂಥಾದ್ದು ಏನಿತ್ತು ಅದರಾಗ, ನಾನೂ ನೋಡ್ತೀನಿ" ಅಂದ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಇವರು ಸಿಡಿ ತಂದರು. ಜತೆಗೆ ಕ್ಯಾಮೆರಾದ ಗೆಳೆಯ ಮತ್ತು ಮೋರಖಂಡಿಯ ಒಬ್ಬ ಟೇಲರ್. ಸಿನಿಮಾದಲ್ಲಿ ಹೆಣದ ಹೆಂಡತಿಯ ಪಾತ್ರಕ್ಕೆ ಹೆಣ್ಣುಮಕ್ಕಳು ಯಾರೂ ಒಪ್ಪದೆ ಈ ಟೇಲರನೇ ಮೀಸೆ ಬೋಳಿಸಿ ಸೀರೆ ಉಟ್ಟಿದ್ದ. ಪಕ್ಕದ ಮನೆಯಿಂದ ಸಿಡಿ ಪ್ಲೇಯರ್ ಬಂತು. ಅದರ ಬೆನ್ನಿಗೇ ಪಕ್ಕದ ಮನೆಯೂ, ಓಣಿಯೂ ಬಂತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಕಥೆ ಇಷ್ಟು. ಕಪ್ಪು ಕಂಬಳಿ ಹೊದ್ದ ಒಬ್ಬ ಒಂದು ಮನೆಗೆ ಬಂದು ನೀರು ಕೇಳುತ್ತಾನೆ. ಹೆಂಡತಿ ನೀರು ಕೊಡುತ್ತಾಳೆ. ಅವನು ಸಾವು. ನೀರು ಕುಡಿದು ಗಂಡನ ಜೀವ ತೆಗೆದುಕೊಂಡು ಹೋಗುತ್ತಾನೆ. ಇವಳು ಮೆರವಣಿಗೆ ನಿಲ್ಲಿಸಿ ಸಾವಿನ ಬೆನ್ನು ಹತ್ತುತ್ತಾಳೆ. ನನ್ನ ಮನೆಯ ನೀರು ಕುಡಿದಿದ್ದೀ, ಅದರ ಋಣ ತೀರಿಸು ಅನ್ನುತ್ತಾಳೆ. ಜೀವಕ್ಕೆ ಜೀವವೇ ಬೇಕು ಅನ್ನುತ್ತಾನೆ ಸಾವು. ಅವಳು ತನ್ನ ಆಯುಷ್ಯವನ್ನೆಲ್ಲ ಕೊಟ್ಟು ಗಂಡನನ್ನು ಉಳಿಸಿ ತಾನು ಸಾಯುತ್ತಾಳೆ.

ಕಥೆ ಭಯದ್ದೇ. ಆದರೆ ಕಲಬುರಗಿಯಲ್ಲಿ ದೃಶ್ಯ ಜೋಡಿಸಿ ಮಿಕ್ಸಿಂಗ್ ಮಾಡಿದವನು ಜನ್ಮದಲ್ಲಿ ಲಗ್ನದ ಸಿಡಿ ಬಿಟ್ಟು ಬೇರೇನೂ ಮಾಡಿದವನಲ್ಲ. ಅಭ್ಯಾಸಬಲ! ಸಾವು ಬಾಗಿಲಲ್ಲಿ ನಿಂತ ಕೂಡಲೇ ಅದರ ಮುಖದ ಸುತ್ತ ಒಂದು ಕೆಂಪು ಹೃದಯ ಮೂಡಿ ಗಿರಗಿರ ತಿರುಗಿತು. ಗಂಡ ಪ್ರಾಣ ಬಿಡುವಾಗ ಮೇಲಿಂದ ಗುಲಾಬಿ ಪಕಳೆ ಉದುರಿದವು. ಹೆಣದ ಮೆರವಣಿಗೆಗೆ ಶಹನಾಯಿ! ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಿದ್ದು ಬಿದ್ದು ನಕ್ಕರು. ಕ್ಯಾಮೆರಾದ ಗೆಳೆಯ ತಲೆ ಚಚ್ಚಿಕೊಂಡು, "ಯಾ ಅಲ್ಲಾ! ಅವಗ ಬ್ಯಾಡೋ ಅಂತ ಹೇಳಿ ಬಂದಿದ್ದೆ" ಅಂದ. ಇವರ ಮುಖ ಸುಣ್ಣವಾಗಿತ್ತು. ನನ್ನ ಕಡೆ ಒಮ್ಮೆ ನೋಡಿದರು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

ಆದರೆ ಕೊನೆಯ ದೃಶ್ಯ ಬಂದಾಗ ನಗು ತಾನಾಗಿ ನಿಂತಿತು. ಹಾರ ಹಾಕಿ ಕೂರಿಸಿದ ಗಂಡನ ಪಕ್ಕದಲ್ಲಿ ಆ ಟೇಲರ್ ಸೀರೆ ಸೆರಗು ಹಾಸಿ, "ನಂದೆಲ್ಲಾ ತಗೋ, ಅವನ್ನ ಬಿಡು" ಎಂದು ಬೇಡಿ ನೆಲಕ್ಕೆ ಕುಸಿದಾಗ, ಅವನು ಗಂಡಸೆಂಬುದು ಯಾರಿಗೂ ನೆನಪಿರಲಿಲ್ಲ. ಆಯಿ ಕಣ್ಣೊರೆಸಿಕೊಂಡಳು. ಪರದೆ ಕಪ್ಪಾಯಿತು.

ಅಪ್ಪ ಎದ್ದು ನಿಂತ. ಅವನ ಮೂಗು ಕೆಂಪಾಗಿತ್ತು.

"ಏ ತಮ್ಮಾ, ಇದೆಂಥಾ ಸೌದಾ?" ಎಂದು ಇವರ ಮೇಲೆ ಹರಿಹಾಯ್ದ. "ಅವ ಕೇಳಿದ ಅಂತ ಪೂರಾ ಕೊಟ್ಟು ಬಿಡೂದೇನು? ನನ್ನ ಅಂಗಡ್ಯಾಗ ಬೆಲ್ಲದ ಪೆಂಟಿ ತಗೊಳ್ಳಾಕ ಬಂದವರೂ ನಾಕು ಮಾತು ಆಡ್ತಾರ. ಜೀವದ ವ್ಯಾಪಾರಕ್ಕ ಚೌಕಾಸಿ ಬ್ಯಾಡ?"

ಇವರು ಕಕ್ಕಾಬಿಕ್ಕಿಯಾಗಿ, "ಮತ್ತ ಹ್ಯಾಂಗ ಮಾಡಬೇಕಿತ್ರಿ?" ಅಂದರು.

"ಅರ್ಧಾ ಕೊಡ್ತೀನಿ ಅನ್ನಬೇಕಿತ್ತು! ಆಕಿ ಆಯುಷ್ಯ ಎಷ್ಟದ ಅದರಾಗ ಗಂಡಗ ಅರ್ಧಾ, ಆಕಿಗಿ ಅರ್ಧಾ. ಇಬ್ಬರೂ ಕೂಡಿ ಬಾಳ್ವಿ ಮಾಡಿ, ಒಂದೇ ದಿನ ಹೋಗಲಿ. ಹುಡುಗಿ ಯಾಕ ಸಾಯಬೇಕು?" ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಸಿನಿಮಾದ ಮಾತಾಗುತ್ತಿತ್ತು. ಅಪ್ಪ ನಿಲ್ಲಿಸಲಿಲ್ಲ. "ನೋಡಪಾ, ನನ್ನ ಮಗಳ ಆಯುಷ್ಯ ಪೂರಾ ಕೊಡಾಕ ನನ್ನ ಕೈಲಿ ಆಗಂಗಿಲ್ಲ. ಬೇಕಾರ ಅರ್ಧಾ ತಗೊಂಡ್ ಹೋಗು."

ಆ ಮಾತು ಮೊದಲು ಅರ್ಥವಾದದ್ದು ಆಯಿಗೆ. "ಒಳಗ ಸಕ್ರಿ ಅದನೇನ್ ನೋಡ್ರಬೇ, ಬಾಯಿ ಸಿಹಿ ಮಾಡೂನು" ಅಂದಳು. ನಾನು ಡಬ್ಬಿ ತೆಗೆಯಲು ಹೋದವಳು ಅಲ್ಲೇ ಕೂತು ಇನ್ನೊಂದು ಸುತ್ತು ಅತ್ತೆ. ಈ ಸಲ ಯಾರೂ ಗದರಲಿಲ್ಲ.

ಮದುವೆಯಲ್ಲಿ ಇವರು ಹಸೆಯ ಮೇಲೆ ಕೂತೇ ಕ್ಯಾಮೆರಾದ ಗೆಳೆಯನಿಗೆ ಎಡಕ್ಕೆ ಬಾ, ಬಲಕ್ಕೆ ಸರಿ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದರು. ಅಕ್ಷತೆ ಬೀಳುವಾಗಲೂ ಇವರ ಚಿಂತೆ ಬೆಳಕಿನದ್ದೇ. ನಾನು ಸೆರಗಿನ ಮರೆಯಲ್ಲಿ ಕೈ ಚಾಚಿ ಚಿವುಟಿದ ಮೇಲೆ ಸುಮ್ಮನಾದರು.

ಸಿನಿಮಾದ ಕೊನೆಯ ದೃಶ್ಯ ಬದಲಾಯಿಸಿದ್ದು ಅದಾದ ಮೇಲೆ, ನಮ್ಮ ಹುಮನಾಬಾದಿನ ಮನೆಯ ಹಿತ್ತಿಲಲ್ಲಿ, ಇಳಿಬಿಸಿಲಲ್ಲಿ. ಟೇಲರನ ಮೀಸೆ ಮತ್ತೆ ಬೆಳೆದಿತ್ತು, ಬೋಳಿಸಲು ಸುತಾರಾಂ ಒಪ್ಪಲಿಲ್ಲ. "ಈಗ ಅಸಲಿ ಹೇಂತಿ ಬಂದಾರಲ್ಲ, ಇನ್ನ ನನ್ನ ಬಿಡ್ರಿ" ಅಂದ. ಹಾಗಾಗಿ ಸೀರೆ ನನ್ನ ಪಾಲಿಗೆ ಬಂತು. ಸಿನಿಮಾದ ಮುಕ್ಕಾಲು ಭಾಗ ಹೆಂಡತಿ ಟೇಲರ್, ಕೊನೆಗೆ ನಾನು. ನೋಡಿದವರು ಯಾರೂ ಇವತ್ತಿನವರೆಗೆ ಅದನ್ನು ಕೇಳಿಲ್ಲ.

ಇವರಿಗೆ ವಿಭೂತಿ ಬಳಿದು, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿದರು. ಇವರು ಕಣ್ಣು ಮುಚ್ಚಿ, ಕತ್ತು ವಾಲಿಸಿದರು. ಆ ಮುಖ ನೋಡಿದ್ದೇ ತಡ, ನನಗೆ ಚೆಲ್ಲಿದ ಬೇಳೆ ನೆನಪಾಯಿತು. ಸೋದರಮಾವ ಹೇಳಿದ್ದು ಈ ಮುಖವನ್ನೇ. ಕಂಬಳಿ ಹೊದ್ದ ಸಾವು, ಅಂದರೆ ಸ್ಟುಡಿಯೋದ ಎದುರಿನ ಸೈಕಲ್ ರಿಪೇರಿಯವನು, ದಪ್ಪ ದನಿಯಲ್ಲಿ, "ನಿನ್ನ ಆಯುಷ್ಯದಾಗ ಅರ್ಧಾ ಕೊಡ್ತಿಯೇನು?" ಎಂದು ಕೇಳಿದ. ನನ್ನ ಕಣ್ಣಿಂದ ನೀರು ಸುರಿಯುತ್ತಿದೆ, ಬಾಯಿಪಾಠ ಮಾಡಿದ ಮಾತು ಹೊರಡುತ್ತಿಲ್ಲ. ಸಾವು ಮತ್ತೊಮ್ಮೆ ಕೇಳಿದ. ಕ್ಯಾಮೆರಾ ಓಡುತ್ತಲೇ ಇತ್ತು.

ಆಗ ಕ್ಯಾಮೆರಾದ ಹಿಂದೆ ನಿಂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. "ಕೊಡ್ತಾಳಪಾ, ಕೊಡ್ತಾಳ! ಅರ್ಧಾ ಅಂದ್ರ ಬರೋಬ್ಬರಿ ಅರ್ಧಾ. ತೂಕದಾಗ ಕೈ ಜಗ್ಗೀಯಂದ್ರ ನೋಡು!"

ಹೆಣ ನಕ್ಕುಬಿಟ್ಟಿತು. ಕುರ್ಚಿಯಲ್ಲಿ ಕೂತಲ್ಲೇ ಹಾರ ಕುಣಿಯುವಂತೆ, ಕಣ್ಣು ತೆರೆದು, ನನ್ನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಮತ್ತೊಮ್ಮೆ ತೆಗೆಯೋಣವೆಂದು ಕ್ಯಾಮೆರಾದ ಗೆಳೆಯ ಗೋಗರೆದರೂ ಇವರು ಕೇಳಲಿಲ್ಲ. "ಜೀವಾ ಬರೂದು ಅಂದ್ರ ಇದೇ. ಇನ್ನ ಬ್ಯಾರೆ ಹ್ಯಾಂಗ ಬರ್ತದ?" ಅಂದರು. ಹಾಗೆಯೇ ಉಳಿಯಿತು.

ಅಪ್ಪ ಈಗಿಲ್ಲ. ಅವನನ್ನೂ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿ ಮೆರವಣಿಗೆ ಮಾಡಿದೆವು. ಅವನು ಮಾತ್ರ ನಗಲಿಲ್ಲ. ಅವನ ದನಿ ಇರುವುದು ಆ ಒಂದು ಸಿಡಿಯಲ್ಲಷ್ಟೇ. ನನ್ನ ಹುಟ್ಟೂರಿನ ನೆನಪಾದಾಗ ಅದನ್ನು ಹಾಕುತ್ತೇನೆ. ಇವರು ಚಹಾ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ. ಸಾವು ಕೇಳುತ್ತದೆ, ನನಗೆ ಮಾತು ಬರುವುದಿಲ್ಲ, ಕಾಣದ ಕಡೆಯಿಂದ ಅಪ್ಪ ನನ್ನ ಪರವಾಗಿ ಉತ್ತರ ಕೊಡುತ್ತಾನೆ. ಇವರು ಪ್ರತಿ ಸಲವೂ ನಗುತ್ತಾರೆ, ಅಲ್ಲಿ ಹಾರ ಹಾಕಿಕೊಂಡು, ಇಲ್ಲಿ ಚಹಾದ ಕಪ್ಪು ಹಿಡಿದುಕೊಂಡು.