ಮಾಜಾಳಿಯಲ್ಲಿ ಅಳಿಸಿದ ಗೆರೆ

ವೃತ್ತಿಯ ಮೊದಲರ್ಧವನ್ನು ನಾನು ಒಂದೇ ವೈರಸ್ಸಿನ ಹಿಂದೆ ಕಳೆದೆ. ಜೀವಕೋಶದೊಳಗೆ ನುಗ್ಗಿ, ಅದರ ಡಿಎನ್‌ಎ ನಡುವೆ ತನ್ನದೊಂದು ತುಂಡು ಸೇರಿಸಿ, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಕ್ಯಾನ್ಸರಿಗೆ ದಾರಿ ಮಾಡಿಕೊಡುವ ವೈರಸ್ಸು. ಆ ತುಂಡು ಎಲ್ಲಿ ಕೂತಿದೆ ಎಂದು ಕಂಡ ದಿನ ಪ್ರಯೋಗಾಲಯದ ಕಾರಿಡಾರಿನಲ್ಲಿ ಕುಣಿದೆ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಅಂದಿನ ಡೈರಿಯಲ್ಲಿರುವುದು ‘ಬಂತು. ಹಸಿವೆ’ ಎಂದಷ್ಟೇ. ಕುಣಿದದ್ದು ನಾನೋ ಪಕ್ಕದ ಮೇಜಿನವನೋ, ಈಗ ಖಚಿತವಿಲ್ಲ.

ಮುಂದೆ ವೈರಸ್ ಬಿಟ್ಟು, ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಕ್ಯಾನ್ಸರ್ ಜೀನುಗಳ ಕಡೆ ಹೊರಳಿದೆ. ಕೇಳಿದವರಿಗೆ ವಿಜ್ಞಾನದ ಕಾರಣ ಹೇಳುತ್ತಿದ್ದೆ. ಅದಕ್ಕೂ ಸ್ವಲ್ಪ ಮೊದಲು ನಮ್ಮನ್ನು ಹೆತ್ತ ಆಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ರಜೆಗೆಂದು ನಮ್ಮೂರು ಅವರ್ಸಾಕ್ಕೆ ಬಂದಾಗ ತಂಗಿ ಕೇಳಿದಳು: “ಅಣ್ಣಾ, ಊರವರ ರಕ್ತ ಎಲ್ಲಾ ನೋಡ್ತೆ, ನಂದು ಯಾವಾಗ ನೋಡ್ತೆ? ಆಯಿಗೆ ಬಂದ ವಯಸ್ಸು ನಂಗೂ ಆಗ್ತಾ ಬಂತು.”

ಅವಳ ರಕ್ತ ಪರೀಕ್ಷಿಸುವುದು ಸುಲಭ. ಆದರೆ ಏನೂ ಸಿಗದಿದ್ದರೆ ಅದನ್ನು ಸಮಾಧಾನ ಎಂದುಕೊಳ್ಳುವಂತಿಲ್ಲ. ನಮ್ಮ ಮನೆತನದಲ್ಲಿ ಇಳಿದುಬಂದ ದೋಷ ಯಾವುದೆಂದು ಮೊದಲು ಗೊತ್ತಿರಬೇಕು. ಅದಕ್ಕೆ ರೋಗ ಬಂದವರದೇ ರಕ್ತ ಬೇಕು. ಆಯಿ ಇಲ್ಲ.

ನಮ್ಮ ಕೆಲಸದಲ್ಲಿ ಕುಟುಂಬದ ನಕ್ಷೆ ಬರೆಯುವ ಕ್ರಮವಿದೆ. ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ. ರೋಗ ಬಂದಿದ್ದರೆ ಕಪ್ಪು ತುಂಬುವುದು, ತೀರಿಕೊಂಡಿದ್ದರೆ ಅಡ್ಡಗೆರೆ ಎಳೆಯುವುದು. ಆಯಿಯ ಪಕ್ಕದಲ್ಲಿ ಅವಳ ಒಬ್ಬ ತಂಗಿಯನ್ನೂ ಕಪ್ಪು ಮಾಡಿ ಗೆರೆ ಎಳೆದೆ. ಮದುವೆಯ ಹೊಸದರಲ್ಲೇ ಎದೆಯಲ್ಲಿ ಗಡ್ಡೆಯಾದವಳು ಎಂದು ಆಯಿ ಹೆಸರು ಹಿಡಿದು ಹೇಳುತ್ತಿದ್ದಳು. ಅವಳು ಸತ್ತ ದಿನ ನನಗೆ ನೆನಪಿತ್ತು ಕೂಡ: ಅಂಗಳ, ಅಳುವ ಹೆಂಗಸರು, ಆಯಿಯ ಸೆರಗು ಹಿಡಿದು ನಿಂತ ನಾನು. ಇನ್ನೊಬ್ಬ ತಂಗಿ ನಮ್ಮ ಮಾಜಾಳಿ ಮಾವಶಿ. ಅವಳದು ಖಾಲಿ ವೃತ್ತ.

ಸತ್ತವಳ ಗಡ್ಡೆಯ ಚೂರು ಯಾವುದಾದರೂ ಆಸ್ಪತ್ರೆಯಲ್ಲಿ ಉಳಿದಿರಬಹುದೇ ಎಂದು ಕೇಳಲು ಅಣ್ಣ ತಂಗಿ ಮಾಜಾಳಿಗೆ ಹೋದೆವು. ಮಾವಶಿ ಹಿತ್ತಲಲ್ಲಿ ಕೂತು ಬಂಗಡೆ ಕೊಯ್ಯುತ್ತಿದ್ದಳು. ನನ್ನ ನಕ್ಷೆಯತ್ತ ಬಾಗಿದಳು.

“ಇದೆಂತದು ತಮಾ, ಕರೀ ಲಾಡು?”

“ನಿನ್ನ ತಂಗಿ ಅಲ್ವಾ, ತೀರಿಹೋದವಳು,” ಎಂದು ಆಯಿ ಹೇಳುತ್ತಿದ್ದ ಹೆಸರು ಹೇಳಿದೆ.

ಮಾವಶಿ ಚೂರಿ ಕೆಳಗಿಟ್ಟಳು. ಕೆಮ್ಮು ಬರುವವರೆಗೆ ನಕ್ಕಳು. “ಅಯ್ಯೋ ಮಳ್ಳಾ, ಅದು ನಾನೇ ಅಲ್ಲನಾ! ಜೀವ ಇದ್ದಾಂಗೇ ಸುಟ್ಟು ಬಂದ್ಯಲ್ಲೋ!”

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಹಳೆಯದು ತವರಿನವರ ಬಾಯಲ್ಲಷ್ಟೇ ಉಳಿಯುತ್ತದೆ. ನನಗೆ ತಿಳಿಯದ ಪದ್ಧತಿಯೇನಲ್ಲ. ಆಯಿಗೂ ಎರಡು ಹೆಸರಿದ್ದವು. ಆದರೂ ಆಯಿ ಹೇಳುತ್ತಿದ್ದದ್ದು ಮಾವಶಿಯ ತವರಿನ ಹೆಸರೆಂದು ಹೊಳೆಯದೆ, ಒಬ್ಬಳನ್ನು ಇಬ್ಬರು ಮಾಡಿ, ಒಬ್ಬಳನ್ನು ಕೊಂದಿದ್ದೆ.

“ಹಾಗಾದ್ರೆ ಅಂಗಳದಲ್ಲಿ ಎಲ್ಲರೂ ಅತ್ತದ್ದು?”

“ನಾ ಗೋವೆಗೆ ಆಪರೇಶನ್ನಿಗೆ ಹೊರಟ ದಿನ ಅದು. ನಿನ್ನ ಆಯಿ ಊರಿಗೆಲ್ಲಾ ಕೇಳೋ ಹಾಂಗೆ ಅತ್ಲು. ನಾ ಬಸ್ಸಲ್ಲಿ ಕೂತು ಚಕ್ಲಿ ತಿಂದೆ.”

ಅವಳು ಹೇಳಿದೊಡನೆ ನನಗೂ ಆ ಬಸ್ಸು ಕಂಡಂತಾಯಿತು. ಅದನ್ನು ನಂಬಲು ಹೋಗಲಿಲ್ಲ.

ತಂಗಿ ಕೇಳಿದಳು: “ಮಾವಶೀ, ನಿನ್ನ ರಕ್ತ ಕೊಡ್ತ್ಯಾ?”

“ಈ ಊರ ಸೊಳ್ಳೆ ಕೇಳ್ದೇ ಕುಡೀತವೆ. ನೀ ಕೇಳ್ದೆ, ಅದೇ ದೊಡ್ಡದು. ತಕಾ.”

ಕಾರವಾರದ ವೈದ್ಯರೊಬ್ಬರ ಮೂಲಕ ಪರೀಕ್ಷೆ ನಡೆಯಿತು. ನನ್ನವರ ರಕ್ತ ನಾನೇ ನೋಡಬಾರದೆಂಬುದು ನಮ್ಮ ವೃತ್ತಿಯ ನಿಯಮ. ಮಾವಶಿಯಲ್ಲಿ ದೋಷ ಸಿಕ್ಕಿತು, ಹುಡುಕಬೇಕಾದ್ದು ಯಾವುದೆಂದು ಗೊತ್ತಾಯಿತು. ತಂಗಿಯಲ್ಲಿ ಅದು ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ವೈದ್ಯರ ಫೋನು ಬಂದಾಗ ನಾನು ಮತ್ತೆ ಅವರ್ಸಾದಲ್ಲಿದ್ದೆ, ತಂಗಿ ಕಾಯಿ ತುರಿಯುತ್ತಿದ್ದಳು.

“ಇಲ್ಲಾ ಅಂದ್ರೆ ಇಲ್ವೇ ಇಲ್ವಾ?”

“ಇಲ್ಲ. ಇನ್ನು ಎಲ್ಲ ಹೆಂಗಸರಿಗೆ ಇರುವಷ್ಟೇ ಭಯ ನಿಂಗೂ.”

ಒಂದು ಕಾಯಿಯ ಸಾರಿಗೆ ಮೂರು ಕಾಯಿ ತುರಿದು ಮುಗಿಸಿದ ಮೇಲೆಯೇ ಅವಳಿಗೆ ಎಚ್ಚರವಾದದ್ದು. ಆಗ ನಗಲು ಶುರುಮಾಡಿದಳು.

ಮರುದಿನವೇ ಮತ್ತೆ ಮಾಜಾಳಿ. ಮಾವಶಿಯ ಗಂಡುಮಕ್ಕಳಿಗೂ ಪರೀಕ್ಷೆ ಬೇಕೆಂದು ಹೇಳುವುದಿತ್ತು. ಅಂಗಳಕ್ಕೆ ಕಾಲಿಡುತ್ತಲೇ ತಂಗಿ ಜೋರಾಗಿ ಕರೆದಳು, ತವರಿನ ಹೆಸರಿನಿಂದ.

“ಓ!” ಎಂದಿತು ಅಡುಗೆಮನೆ. ಸಣ್ಣ ಹುಡುಗಿಯ ದನಿ. ಸೌಟು ಹಿಡಿದೇ ಓಡಿಬಂದ ಮಾವಶಿ ನಮ್ಮನ್ನು ನೋಡಿ ನಿಂತಳು. “ಹಾಂಗೆ ಕರೆಯೋರು ಯಾರೂ ಉಳೀಲಿಲ್ಲ ಅಂದ್ಕಂಡಿದ್ದೆ.”

ತಂಗಿ ಸುದ್ದಿ ಹೇಳಿದಳು. ಮಾವಶಿ ಅವಳ ಗಲ್ಲ ಹಿಂಡಿದಳು, ಎದುರಿಗೇ ನನ್ನ ಕೈಯಿಂದ ನಕ್ಷೆಯ ಅಡ್ಡಗೆರೆ ಅಳಿಸಿಸಿದಳು, ಮಕ್ಕಳನ್ನು ತಾನೇ ಎಳೆದುಕೊಂಡು ಬರುತ್ತೇನೆಂದಳು. ಒಳಗೆ ಮೀನು ಸೀಯುವ ವಾಸನೆ ಬಂತು. ಅವಳು ಕದಲಲಿಲ್ಲ.

“ಇನ್ನೊಂದು ಸಲ ಕರೀ ನೋಡ್ವ,” ಎಂದಳು.